ಕರಿಬಟ್ಟೆಯೊಳಗೆ ಕಾಲು ಸುತ್ತು

ಫೋಟೊ ಎಂದರೆ ಅಲ್ಲಾಡದೆ ನಿಲ್ಲುವ ಕೆಲಸ ಎಂದು ನಂಬಿದ್ದ ಕಾಲ ಅದು. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಶಾಲೆಯ ಗ್ರೂಪ್ ಫೋಟೊದ ದಿನ ತಲೆಗೆ ಎಣ್ಣೆ ಮೆತ್ತಿಸಿಕೊಂಡು, ಇಸ್ತ್ರಿ ಮುದುಡೀತೆಂದು ಲೋಕಲ್ ಟ್ರೈನಿನಲ್ಲಿ ಸೀಟು ಸಿಕ್ಕರೂ ಕೂರದೆ ಬಂದವರು ನಿಮ್ಮಲ್ಲೂ ಇರಬಹುದು. ಬೆಂಚಿನ ಮೇಲೆ ಉಸಿರು ಬಿಗಿಹಿಡಿದು ಎದುರಿನ ಮರದ ಪೆಟ್ಟಿಗೆಯನ್ನೇ ದಿಟ್ಟಿಸುತ್ತಿದ್ದಿರಲ್ಲ? ಮುಂಬೈಯ ಕೆಲವು ಶಾಲೆಗಳಲ್ಲಿ ಆ ಪೆಟ್ಟಿಗೆಯ ಹಿಂದೆ ಕರಿಬಟ್ಟೆ ಹೊದ್ದು ಬಗ್ಗಿರುತ್ತಿದ್ದವರು ನನ್ನ ಅಪ್ಪ. ಪಕ್ಕದಲ್ಲಿ ಎರಡು ಜಡೆ ಹಾಕಿಕೊಂಡು ಚೀಲ ಹಿಡಿದು ನಿಂತಿರುತ್ತಿದ್ದವಳು ನಾನು.

ನನಗೆ ಹನ್ನೊಂದು ತುಂಬಿದ ವರ್ಷದ ಚಳಿಗಾಲದ ಮಾತು. ಚಳಿಗಾಲವೆಂದರೆ ಮುಂಬೈಯಲ್ಲಿ ಬೆಳಿಗ್ಗೆ ಫ್ಯಾನು ಬೇಡ ಅನ್ನಿಸುವಷ್ಟು, ಅಷ್ಟೆ. ಆದರೆ ನಮಗೆ ಅದೇ ಸುಗ್ಗಿ. ಜನವರಿ, ಫೆಬ್ರವರಿಯಲ್ಲಿ ಶಾಲೆಗಳೆಲ್ಲ ಗ್ರೂಪ್ ಫೋಟೊ ತೆಗೆಸುತ್ತಿದ್ದವು. ಗ್ರಾಂಟ್ ರೋಡ್‌ನಲ್ಲಿ ದೊಡ್ಡಪ್ಪನ ಉಡುಪಿ ಹೋಟೆಲು, ಅದರ ಮೇಲಿನ ಕೋಣೆಯಲ್ಲಿ ಅಪ್ಪನ ಸ್ಟುಡಿಯೊ. ಕೆಳಗಿನಿಂದ ಸಾಂಬಾರಿನ ಒಗ್ಗರಣೆ ಮೆಟ್ಟಿಲು ಹತ್ತಿ ಬರುತ್ತಿತ್ತು, ಮೇಲಿನಿಂದ ಫೋಟೊ ತೊಳೆಯುವ ಮದ್ದಿನ ಹುಳಿ ವಾಸನೆ ಇಳಿಯುತ್ತಿತ್ತು. ನನ್ನ ಯೂನಿಫಾರ್ಮಿಗೆ ಎರಡೂ ಅಂಟಿಕೊಂಡಿರುತ್ತಿದ್ದವು. ಶಾಲೆಯಲ್ಲಿ ಹುಡುಗಿಯರು “ಉಪ್ಪಿನಕಾಯಿ” ಎಂದು ಕರೆಯುತ್ತಿದ್ದರು. ಕರೆಯಲಿ ಬಿಡಿ, ಅವರ ಅಪ್ಪಂದಿರ ಹತ್ತಿರ ಅಂಥ ಕ್ಯಾಮೆರಾ ಇರಲಿಲ್ಲವಲ್ಲ!

ತೇಗದ ಮರ, ಹಿತ್ತಾಳೆಯ ಪಟ್ಟಿ, ಹಾರ್ಮೋನಿಯಂನಲ್ಲಿರುವಂಥ ತೊಗಲಿನ ತಿದಿ. ಅಪ್ಪ ಅದನ್ನು ಕೊಳ್ಳುವಾಗಲೇ ಅದು ಮುದುಕ. ಪಕ್ಕದ ಗುಂಡಿ ತಿರುಗಿಸಿದರೆ ಒಳಗೊಂದು ಹಲ್ಲಿನ ಚಕ್ರ ತಿರುಗಿ, ಹಲ್ಲುಪಟ್ಟಿಯ ಮೇಲೆ ಲೆನ್ಸ್ ಹಿಂದೆ ಮುಂದೆ ಸರಿಯುತ್ತಿತ್ತು. ಹಿಂಬದಿಯ ಮಬ್ಬು ಗಾಜಿನಲ್ಲಿ ಜನ ತಲೆಕೆಳಗಾಗಿ ಮೂಡುತ್ತಿದ್ದರು. ಅವರ ಕಣ್ಣುರೆಪ್ಪೆ ಚೂಪಾಗಿ ಕಾಣುವಲ್ಲಿ ಗುಂಡಿ ನಿಲ್ಲಿಸಿ ತಿರುಪು ಬಿಗಿಯಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಫೋಟೊ ಮಂಜು. ಕರಿಬಟ್ಟೆಯೊಳಗೆ ನನಗೂ ಒಂದು ಕೆಲಸವಿತ್ತು. ಅಪ್ಪ ಗುಂಡಿ ತಿರುಗಿಸಿ ಮುಗಿಸಿ, ಸಾಲಿನವರ ಕಾಲರು ಗಲ್ಲ ಸರಿಮಾಡಲು ಹೋದಾಗ ನಾನು ಒಳನುಗ್ಗಿ, ಗಾಜಿನ ಅಂಚಿನಲ್ಲಿ ಯಾರ ಕೈಯಾದರೂ ತುಂಡಾಗಿದೆಯೇ ನೋಡಿ ಕೂಗಿ ಹೇಳಬೇಕು. ನಾನು ನೋಡುತ್ತಿದ್ದುದು ಅಂಚನ್ನು ಮಾತ್ರ. ನಡುವೆ ಏನಿದೆ ಎಂಬುದು ಅಪ್ಪನ ಜವಾಬ್ದಾರಿ.

ಆ ವರ್ಷ ಮೊದಲನೇ ಶಾಲೆಯ ಫೋಟೊವೇ ಮಂಜಾಗಿ ಬಂತು. ಎರಡನೆಯದೂ ಹಾಗೇ. ಹೆಡ್‌ಮಾಸ್ತರರು ಕಟ್ಟನ್ನು ಬಿಚ್ಚಿ ನೋಡಿ, ಮತ್ತೆ ಕಟ್ಟಿ ಅಪ್ಪನ ಕೈಗಿಟ್ಟರಂತೆ. ದೊಡ್ಡಪ್ಪ ಮೆಟ್ಟಿಲ ಬುಡದಲ್ಲೇ ನಿಂತು, “ಸಾಕು ಮಾರಾಯ ಆ ಓಬೀರಾಯನ ಕಾಲದ ಪೆಟ್ಟಿಗೆ. ಬಂದು ಗಲ್ಲಾದಲ್ಲಿ ಕೂತ್ಕೋ” ಅಂದರು. ಅವರದೇನೂ ಕೆಟ್ಟ ಮನಸ್ಸಲ್ಲ. ಆದರೆ ಅಪ್ಪನ ಮುಖ ಕಪ್ಪಿಟ್ಟಿತು. ಗಲ್ಲಾದಲ್ಲಿ ಕೂರುವುದೆಂದರೆ ಅಪ್ಪನಿಗೆ ಬದುಕೇ ಮುಗಿದ ಹಾಗೆ ಎಂದು ನನಗೆ ಆಗಲೇ ಗೊತ್ತಿತ್ತು.

ಅಪ್ಪ ಕ್ಯಾಮೆರಾ ಬಿಚ್ಚಿದರು. ಹಳೇ ಟೂತ್‌ಬ್ರಷ್ಷಿಗೆ ಸೀಮೆಎಣ್ಣೆ ಹಾಕಿ ಕೊಳೆ ಉಜ್ಜಿದರೆ ಸಂಗತಿ ಬಯಲಾಯಿತು. ಚಕ್ರದ ಹಲ್ಲುಗಳು ಸವೆದು ಬೋಳಾಗಿದ್ದವು, ನಿಲ್ಲಿಸಿದ ಮೇಲೂ ಲೆನ್ಸ್ ಜಾರುವಷ್ಟು. “ಇದೇ ನೋಡು ಕಳ್ಳ!” ಎಂದು ಅಪ್ಪ ನಕ್ಕರು. ನನಗೂ ಜೀವ ಬಂತು. ಆ ಭಾನುವಾರವೇ ಕ್ಯಾಮೆರಾವನ್ನು ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ, ಧಾರಾವಿಯ ಗೌಸ್ ಚಾಚಾ ಹತ್ತಿರ ಹೋದೆವು.

ಗೌಸ್ ಚಾಚಾ ಬಿಜಾಪುರದ ಕಡೆಯವರು. ಲೋಹ ಕಡೆಯುವ ಒಂದು ಲೇತ್ ಮೆಶಿನ್ನು, ಒಂದು ಸ್ಟೂಲು, ಅಷ್ಟೇ ಅಗಲದ ಅಂಗಡಿ. ಶುಕ್ರವಾರ ನಮಾಜು ಮುಗಿಸಿ ಗ್ರಾಂಟ್ ರೋಡಿಗೆ ಬಂದು ಅಪ್ಪನ ಜೊತೆ ಗೋಳಿಬಜೆ ತಿಂದು ಹೋಗುವುದು ವರ್ಷಗಳ ರೂಢಿ. ಅಪ್ಪನ ಕನ್ನಡವನ್ನು ಅವರು ಆಡಿಕೊಳ್ಳುವುದು, ಅವರದನ್ನು ಅಪ್ಪ ಅಣಕಿಸುವುದು, ಇದೇ ಇಬ್ಬರ ಪ್ರೀತಿ.

ಚಾಚಾ ಚಕ್ರವನ್ನು ಬೆಳಕಿಗೆ ಹಿಡಿದು ಅಪ್ಪನಿಗೆ, “ಮಾಸ್ತರ, ಹಲ್ಲೆಲ್ಲಾ ಸವದು ನುಣ್ಣಗಾಗ್ಯಾವಲ್ರೀ! ಪಟ್ಟಿನೂ ಹೋಗೇತಿ. ಎರಡೂ ಹೊಸಾವು ಮಾಡಬೇಕು” ಅಂದರು. ನಾನು ಹತ್ತಿರ ಹೋದರೆ, “ಬೇಟಿ, ಅಲ್ಲೇ ನಿಂದ್ರು. ಕಣ್ಣಾಗ ಪುಡಿ ಹಾರತೈತಿ.”

ಎರಡು ಭಾನುವಾರ ಹಿಡಿಯಿತು. ಒಂದೊಂದು ಹಲ್ಲನ್ನೂ ಅರದಿಂದ ತೀಡಿ, ಕೂರಿಸಿ, ತೆಗೆದು, ಮತ್ತೆ ತೀಡಿದರು. ಕೊನೆಗೆ ಗುಂಡಿ ತಿರುಗಿಸಿದಾಗ ಸದ್ದೇ ಇಲ್ಲ. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಲೆನ್ಸ್ ಸರಿಯಿತು. ಅಪ್ಪ ಚಾಚಾನ ಬೆನ್ನಿಗೆ ಗುದ್ದಿದ್ದೇ ಗುದ್ದಿದ್ದು.

ಮೂರನೇ ಶಾಲೆಯ ಫೋಟೊ ತೊಳೆದು ನೇತುಹಾಕಿದಾಗ ನಾನೂ ಅಲ್ಲೇ ಇದ್ದೆ. ಮಂಜು. ಮಾಸ್ತರರಿಗೂ ಮುಖವಿಲ್ಲ, ಮಕ್ಕಳಿಗೂ ಮುಖವಿಲ್ಲ.

ಅಪ್ಪ ಊಟವನ್ನೂ ಮಾಡದೆ ಧಾರಾವಿಗೆ ಹೊರಟರು. ಅವರು ಕೋಪದಲ್ಲಿ ಕ್ಯಾಮೆರಾ ಎಲ್ಲಿ ಬೀಳಿಸುತ್ತಾರೋ ಎಂದು ಅಮ್ಮ ನನ್ನನ್ನೂ ಹಿಂದೆ ಓಡಿಸಿದರು. ಚಾಚಾ ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ ನೋಡಿದರು. ಹಲ್ಲಿನ ಸಂದಿಯಲ್ಲಿ ಬೀಡಿ ಕಟ್ಟಿನ ತೆಳು ಕಾಗದ ತೂರಿಸಿ ನೋಡಿದರು. ತೂರಲಿಲ್ಲ.

“ಮಾಸ್ತರ, ಕಾಗದ ಹೋಗೂವಷ್ಟೂ ಸಂದಿಲ್ರೀ. ಹಲ್ಲು ಬರೋಬರ್ ಅದಾವು. ದೋಷ ಬ್ಯಾರೆ ಎಲ್ಲೋ ಐತಿ.”

“ಬೇರೆ ಎಲ್ಲಿ? ನನ್ನಲ್ಲಿ ಅಂತಲಾ ನೀನು ಹೇಳುದು?”

ಚಾಚಾ ಅಪ್ಪನ ಮುಖವನ್ನೇ ಒಂದು ಗಳಿಗೆ ನೋಡಿ, “ಒಮ್ಮೆ ಕಣ್ಣು…” ಎಂದು ಶುರುಮಾಡಿದರು.

“ಕೆಲಸ ಹಾಳು ಮಾಡಿ ನನಗೆ ಕಣ್ಣಿಲ್ಲ ಅಂತೀಯಾ! ಇನ್ನು ನನ್ನ ಕ್ಯಾಮೆರಾ ಮುಟ್ಬೇಡ. ನನ್ನ ಮೆಟ್ಲೂ ಹತ್ಬೇಡ.”

ಇಡೀ ಗಲ್ಲಿ ತಿರುಗಿ ನೋಡಿತು. ಚಾಚಾ ಸೀರೆಯ ಗಂಟನ್ನು ಬಿಗಿಯಾಗಿ ಕಟ್ಟಿ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟರು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ.

ಮರುದಿನ ಅಪ್ಪ ತಾವೇ ದುರಸ್ತಿಗೆ ಕೂತರು. ಕಾಫಿಪುಡಿಯ ಡಬ್ಬಿ ಕತ್ತರಿಸಿ, ತಗಡಿನ ಸಣ್ಣ ಪಟ್ಟಿ ಮಾಡಿ, ಚಕ್ರದ ಕೆಳಗೆ ಒತ್ತಾಗಿ ಇಟ್ಟರು. ಎದುರು ಗೋಡೆಯ ಕ್ಯಾಲೆಂಡರಿಗೆ ಕ್ಯಾಮೆರಾ ತಿರುಗಿಸಿ ಕರಿಬಟ್ಟೆಯೊಳಗೆ ಹೋದರು. “ಹ್ಞಾ, ಈಗ ಬಂತು! ಬಾ ಮಗಾ, ನೋಡು. ಚೂಪು ಉಂಟಲ್ಲ?”

ನಾನು ಒಳಗೆ ಹೋದೆ. ಆ ತೊಗಲಿನ, ಅಪ್ಪನ ಬೆವರಿನ, ಹಳೇ ಬಟ್ಟೆಯ ವಾಸನೆ ಈಗಲೂ ಮೂಗಿಗೆ ಬರುತ್ತದೆ. ಗಾಜಿನ ಮೇಲೆ ಕ್ಯಾಲೆಂಡರಿನ ತಾರೀಕುಗಳು ಬರೀ ಕರೀ ಚುಕ್ಕೆಗಳಾಗಿದ್ದವು. ಒಂದಂಕಿಯೂ ಓದಲು ಬಾರದು. ಕೈ ತಾನಾಗಿ ಗುಂಡಿಗೆ ಹೋಯಿತು. ಕಾಲು ಸುತ್ತು ತಿರುಗಿಸಿದೆ, ಅಷ್ಟೆ. ತಾರೀಕುಗಳೆಲ್ಲ ಗರಿಗರಿಯಾಗಿ ಎದ್ದು ನಿಂತವು. ಚಕ್ರ ಜಾರಲಿಲ್ಲ, ನಿಲ್ಲಿಸಿದಲ್ಲೇ ನಿಂತಿತು.

ಕ್ಯಾಮೆರಾಕ್ಕೆ ಏನೂ ಆಗಿಲ್ಲ. ಅಪ್ಪನಿಗೆ ಕಾಣುತ್ತಿಲ್ಲ.

“ಉಂಟಾ ಚೂಪು?”

“ಹ್ಞೂಂ ಅಪ್ಪ, ಉಂಟು.”

ಹೇಳಿಬಿಡಬಹುದಿತ್ತು. ನೂರು ಸಲ ಯೋಚಿಸಿದ್ದೇನೆ. ಆದರೆ ಹೇಳಿದರೆ ಸ್ಟುಡಿಯೊಕ್ಕೆ ಬೀಗ, ಅಪ್ಪ ಗಲ್ಲಾದಲ್ಲಿ, ಹನ್ನೊಂದು ವರ್ಷದ ನನ್ನ ತಲೆಗೆ ಹೊಳೆದದ್ದು ಇಷ್ಟೇ. ಕಣ್ಣಿಗೆ ಮದ್ದಿರುತ್ತದೆ ಎಂದು ಈ ಪೆದ್ದು ತಲೆಗೆ ಹೊಳೆಯಲೇ ಇಲ್ಲ.

ಮುಂದಿನ ಶಾಲೆ ಉಪನಗರದಲ್ಲಿ. ಅಪ್ಪ ಬಟ್ಟೆಯೊಳಗಿಂದ ಹೊರಬಂದು, ತಿರುಪು ಬಿಗಿದು, ಸಾಲಿನ ಕಡೆ ನಡೆದರು. ನಾನು ಒಳನುಗ್ಗಿದೆ. ತಲೆಕೆಳಗಾಗಿ ನಿಂತ ನಲವತ್ತು ಮಕ್ಕಳಿಗೆ ಕಣ್ಣುಮೂಗು ಇರಲಿಲ್ಲ. ತಿರುಪು ಸಡಿಲಿಸಬೇಕು, ಬೆರಳು ಬೆವರಿ ಜಾರುತ್ತಿದೆ. “ಅಂಚು ಸರಿ ಉಂಟಾ?” ಅಪ್ಪನ ಕೂಗು. “ಸ್ವಲ್ಪ ತಡಿ ಅಪ್ಪ, ಎಡಗಡೆಯವನ ಮೊಣಕೈ!” ಸುಳ್ಳು. ಕಾಲು ಸುತ್ತು. ಕಣ್ಣುಗಳು ಬಂದವು. ತಿರುಪು ಬಿಗಿಯುವಷ್ಟರಲ್ಲಿ ಅಪ್ಪನ ಚಪ್ಪಲಿಯ ಸದ್ದು ಹಿಂದೆಯೇ ಬಂತು. ಬಟ್ಟೆಯಿಂದ ಹೊರಬಂದಾಗ ನನ್ನ ಮುಖ ಹೇಗಿತ್ತೋ, “ಎಂತ ಮಾರಾಯ್ತಿ, ಒಳಗೆ ಭೂತ ನೋಡಿದ್ಯಾ?” ಎಂದು ನಕ್ಕರು.

ಆ ಫೋಟೊದಲ್ಲಿ ಹಿಂದಿನ ಸಾಲಿನ ಹುಡುಗನ ಅಂಗಿಗುಂಡಿಯ ತೂತುಗಳನ್ನೂ ಎಣಿಸಬಹುದಿತ್ತು. ಅಪ್ಪ ಒದ್ದೆ ಫೋಟೊ ಹಿಡಿದು ಅಡುಗೆಮನೆಗೇ ಬಂದರು. ಅವರು ಪತ್ರಿಕೆಯನ್ನು ದೂರ ಹಿಡಿದು ಓದುವುದು, ನೀರು ನೀರು ಎಂದು ಒದ್ದಾಡುವುದು ನೋಡಿ ಅಮ್ಮ ಎರಡು ವಾರದಿಂದ ಡಾಕ್ಟರ ಹತ್ತಿರ ಹೋಗಿ ಎಂದು ಜೀವ ತಿನ್ನುತ್ತಿದ್ದರು.

“ನೋಡು, ಸರೀ ನೋಡು! ಕಣ್ಣು ಹೋದವನು ತೆಗೆದ ಫೋಟೊವಾ ಇದು? ನನ್ನ ತಗಡಿನ ಪಟ್ಟಿ ಇಟ್ಟ ಕೂಡ್ಲೇ ಸರಿ ಆಯ್ತು. ಆ ಗೌಸ ದೊಡ್ಡ ಮಿಸ್ತ್ರಿಯಂತೆ!”

ಅಮ್ಮ ಫೋಟೊ ನೋಡಿ, “ಹೌದಪ್ಪ, ಚಂದ ಬಂದಿದೆ” ಎಂದು ಸುಮ್ಮನಾದರು. ಆಮೇಲೆ ಡಾಕ್ಟರ ಸುದ್ದಿ ಎತ್ತಲಿಲ್ಲ. ನಾನು ಬಾಗಿಲ ಹಿಂದೆ ಹಿಗ್ಗಿ ಹೀರೇಕಾಯಿಯಾಗಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅವತ್ತು ಅಪ್ಪನನ್ನು ಉಳಿಸಿದೆ ಅಂದುಕೊಂಡಿದ್ದೆ.

ಆ ಸುಗ್ಗಿಯ ಉಳಿದ ಶಾಲೆಗಳನ್ನೆಲ್ಲ ಹಾಗೇ ದಾಟಿಸಿದೆ. ಗೆಳತಿಯರು ಕುಂಟೆಬಿಲ್ಲೆಗೆ ಕರೆದರೆ ಹೋಗುತ್ತಿರಲಿಲ್ಲ. ಕಾಲು ಉಳುಕಿ ಅಪ್ಪನ ಜೊತೆ ಹೋಗಲಾಗದಿದ್ದರೆ? ಜ್ವರ ಬಂದರೆ? ನನ್ನ ಪರೀಕ್ಷೆಯ ದಿನವೇ ಯಾರಾದರೂ ಕರೆದರೆ? ಪ್ರತಿಸಲವೂ ಗಾಜಿನ ಮೇಲಿನ ಮುಖಗಳು ಇನ್ನಷ್ಟು ಮಂಜಾಗಿರುತ್ತಿದ್ದವು, ನಾನು ಇನ್ನಷ್ಟು ತಿರುಗಿಸಬೇಕಾಗುತ್ತಿತ್ತು.

ಜೂನ್‌ನಲ್ಲಿ ಅಪ್ಪ ತಮ್ಮದೇ ಸ್ಟುಡಿಯೊದ ಮೆಟ್ಟಿಲು ತಪ್ಪಿ ಬಿದ್ದರು. ಗಾಯ ದೊಡ್ಡದಲ್ಲ, ಆದರೆ ಒಣಗಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ನೋಡಿ ಸಕ್ಕರೆ ಕಾಯಿಲೆ ಅಂದರು. ಡಾಕ್ಟರು ಕಣ್ಣಿಗೆ ಮದ್ದು ಬಿಟ್ಟು ದೀಪ ಹಿಡಿದು ನೋಡಿದರು. ಕಣ್ಣಿನ ಹಿಂದಿನ ಪರದೆಯನ್ನು ಸಕ್ಕರೆ ತಿಂದುಬಿಟ್ಟಿತ್ತು. ಬಲಗಣ್ಣು ಹೋದ ಹಾಗೇ, ಎಡಗಣ್ಣನ್ನು ಇರುವಷ್ಟು ಉಳಿಸಿಕೊಳ್ಳಲು ನೋಡೋಣ ಅಂದರು. ಮಂಜಾಗಲು ಶುರುವಾದಾಗಲೇ ಬಂದಿದ್ದರೆ ಎರಡನ್ನೂ ಉಳಿಸಬಹುದಿತ್ತಂತೆ. ಯಾಕೆ ಬರಲಿಲ್ಲ ಎಂದು ಕೇಳಿದರು.

ಅಪ್ಪ ಅವರ ದನಿ ಬಂದ ಕಡೆಗೆ ತಿರುಗಿ, “ಫೋಟೊ ಎಲ್ಲ ಸರಿ ಬರ್ತಾ ಇತ್ತಲ್ಲ ಡಾಕ್ಟ್ರೇ” ಅಂದರು.

ನಾನು ಬೆಂಚಿನ ಮೇಲೆ ಕೂತಿದ್ದೆ. ಆ ಮಾತು ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

ಸ್ಟುಡಿಯೊ ಮುಚ್ಚಿತು. ಅಪ್ಪ ದೊಡ್ಡಪ್ಪನ ಗಲ್ಲಾದಲ್ಲಿ ಕೂತು, ನೋಟುಗಳನ್ನು ಮುಟ್ಟಿ ಗುರುತಿಸುವುದನ್ನು ಕಲಿತರು. ಕ್ಯಾಮೆರಾವನ್ನು ಯಾರೋ ಮನೆಯಲ್ಲಿ ಅಲಂಕಾರಕ್ಕಿಡಲು ಕೊಂಡು ಹೋದರು. ಈಗ ಶಾಲೆಗಳಲ್ಲಿ ಮಾಸ್ತರರೇ ಮೊಬೈಲು ಎತ್ತಿ ನಾಲ್ಕು ಸಲ ಒತ್ತುತ್ತಾರೆ, ಮಕ್ಕಳು ನಾಲ್ಕು ಸಲವೂ ಅಲ್ಲಾಡುತ್ತಾರೆ, ಫೋಟೊ ಚೂಪಾಗಿಯೇ ಬರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ನಾನು ಕಳೆದದ್ದು ಒಂದು ಕಾಲವನ್ನಲ್ಲ. ಒಬ್ಬ ಮನುಷ್ಯನ ಕಣ್ಣನ್ನು, ಅವನ ಒಬ್ಬನೇ ಗೆಳೆಯನನ್ನು.

ಅಮ್ಮ ಹೋದ ಮೇಲೆ ಅಪ್ಪ ಪವಾಯಿಯ ನಮ್ಮ ಮನೆಯಲ್ಲಿ ನನ್ನ ಜೊತೆಗೇ ಇದ್ದಾರೆ. ಎಡಗಣ್ಣಿಗೆ ಈಗ ಬೆಳಕು ನೆರಳು ಮಾತ್ರ. ಹೋದ ವರ್ಷ ಒಂದು ಮಧ್ಯಾಹ್ನ ಬಾಲ್ಕನಿಯಲ್ಲಿ ಅವರ ಉಗುರು ಕತ್ತರಿಸುತ್ತಿದ್ದೆ. ಇನ್ನು ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಬೈಯಲಿ, ಹೊಡೆಯಲಿ ಎಂದು ಕಾದೆ.

ಅಪ್ಪ ಕೇಳಿದರು, “ಯಾವ ಕಡೆ ತಿರುಗಿಸ್ತಿದ್ದೆ?”

“ಒಂದು ದಿನ ಹಿಂದೆ, ಒಂದು ದಿನ ಮುಂದೆ.”

“ಹಲ್ಲು ಜಾರುದಾದ್ರೆ ಒಂದೇ ಕಡೆ ಜಾರ್ತದೆ ಮಗಾ. ಲೆನ್ಸಿನ ಭಾರಕ್ಕೆ ಯಾವಾಗ್ಲೂ ಮುಂದಕ್ಕೇ.” ಬೆರಳುಗಳು ನನ್ನ ಅಂಗೈಯಲ್ಲೇ ಗುಂಡಿ ತಿರುಗಿಸುವ ಹಾಗೆ ಆಡಿದವು. “ಹಾಗಾದ್ರೆ ಗೌಸ ಮಾಡಿದ್ದು ಸರೀ ಇತ್ತು.”

ತಮ್ಮ ಕಣ್ಣಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

“ನಾಳೆ ನನ್ನನ್ನು ಧಾರಾವಿಗೆ ಕರ್ಕೊಂಡು ಹೋಗ್ತೀಯಾ? ಅವನ ಹತ್ರ ಒಂದು ಮಾತು ಹೇಳ್ಲಿಕ್ಕುಂಟು.”

ಚಾಚಾನನ್ನು ಹುಡುಕಿಕೊಂಡು ನಾನು ಮೊದಲೇ ಒಬ್ಬಳೇ ಧಾರಾವಿಗೆ ಹೋಗಿ ಬಂದಿದ್ದೆ. ಗಲ್ಲಿಯಲ್ಲಿ ಗುರುತಿನವರು ಒಬ್ಬರೇ ಸಿಕ್ಕಿದ್ದರು, ಸುದ್ದಿ ತಿಳಿದದ್ದು ಅವರಿಂದಲೇ. ‘ಆಯ್ತಪ್ಪ, ಹೋಗುವ’ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ನಾಳೆ ಮಳೆ ಅನ್ನಬಹುದಿತ್ತು, ನಾಡಿದ್ದು ಟ್ರೈನಿಲ್ಲ ಅನ್ನಬಹುದಿತ್ತು.

“ಗೌಸ್ ಚಾಚಾ ಇಲ್ಲಪ್ಪ. ತೀರಿಹೋಗಿ ಆರು ವರ್ಷ ಆಯ್ತಂತೆ.”

ಅಪ್ಪ ನನ್ನ ಕೈಯಿಂದ ಮೆಲ್ಲಗೆ ಕೈ ಬಿಡಿಸಿಕೊಂಡು ಎದ್ದರು. ಗೋಡೆ ಸವರುತ್ತ ಒಳಗೆ ಹೊರಟರು. ದಾರಿಯಲ್ಲಿ ಅವರ ಮೊಮ್ಮಗಳು ಬಿಟ್ಟುಹೋದ ಕುರ್ಚಿಯಿತ್ತು. ಸದ್ದಾಗದ ಹಾಗೆ ಸರಿಸಲು ಕೈ ಚಾಚಿದವಳು ನಿಂತೆ.

“ಅಪ್ಪ, ಎಡಗಡೆ ಕುರ್ಚಿ ಉಂಟು” ಎಂದು ಬಾಯಿಬಿಟ್ಟು ಹೇಳಿದೆ.