ಎಲೆಯ ಎಣ್ಣೆ, ಬೀಜದ ಎಣ್ಣೆ

ಮೊಮ್ಮಗಳು ಈರಮ್ಮನಿಗೆ ಆಗ ಒಂಬತ್ತು ತಿಂಗಳು. ಎಣ್ಣೆ ಹಚ್ಚಿ ಎರೆಯುತ್ತಿದ್ದೆವು. ಸೊಸೆ ನಾಗವೇಣಿ ನೀರು ಹಾಕುತ್ತಿದ್ದಳು, ನಾನು ಟವೆಲ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಮಗು ನಗುತ್ತಿತ್ತು. ನಗು ಅರ್ಧಕ್ಕೆ ನಿಂತಿತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಎಡಗೈ ತಾನೇ ತಾನಾಗಿ ಬಡಿದುಕೊಳ್ಳತೊಡಗಿತು.

ಫಿಟ್ಸ್.

ಆ ಹೆಸರು ಮರುದಿನ ಗೊತ್ತಾಯಿತು. ಉರುಕುಂದದ ಈರಣ್ಣ ದೇವರ ಹೆಸರಿಟ್ಟ ಕೂಸು, ಅವನೇ ಕಾಯುತ್ತಾನೆ ಎಂದುಕೊಂಡೆ. ಇಇಜಿ ಆಯಿತು, ಎಂಆರ್‌ಐ ಆಯಿತು. ಮೂರು ಥರದ ಮಾತ್ರೆ, ಎರಡು ಸಿರಪ್. ಹೊಸ ಔಷಧ ಕೊಟ್ಟಾಗ ಎಂಟು ದಿನ ಸುಮ್ಮನಿರುತ್ತಿತ್ತು, ಆಮೇಲೆ ಮತ್ತೆ ಬರುತ್ತಿತ್ತು. ನಮ್ಮ ಆದೋನಿಯ ಬಿಸಿಲಿಗಂತೂ ದಿನಕ್ಕೆ ಹತ್ತು ಸಲ. ಬೇರೆ ಮಕ್ಕಳು ಓಣಿಯಲ್ಲಿ ಓಡುವಾಗ ನಮ್ಮವಳು ಹಸಿ ಬಟ್ಟೆ ಸುತ್ತಿಕೊಂಡು ಫ್ಯಾನಿನ ಕೆಳಗೆ ಕೂತಿರುತ್ತಿದ್ದಳು.

ಇವತ್ತು ನನ್ನ ಸಂತೋಷಕ್ಕೆ ಅಳತೆಯಿಲ್ಲ. ಆ ಸಂತೋಷದಲ್ಲೇ ಬರೆಯಲು ಕೂತೆ. ಆದರೆ ನಡುವೆ ಹೇಳಬೇಕಾದದ್ದು ಸಂತೋಷದ್ದಲ್ಲ. ನಾನೇ ಮಾಡಿದ ತಪ್ಪು ಅದು.

ಮಗುವಿಗೆ ಮೂರೂವರೆ ವರ್ಷವಾದಾಗ ತುಂಗಭದ್ರೆ ದಾಟಿ ರಾಯಚೂರಿನ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ಎಲ್ಲ ಕಾಗದ ನೋಡಿ ಆಕೆ ಹೇಳಿದರು:

"ಇನ್ನೊಂದು ಔಷಧ ಐತಿ ನೋಡ್ರಿ. ಗಾಂಜಾ ಗಿಡದ ಎಲಿಯಿಂದ ಮಾಡಿದ ಎಣ್ಣಿ."

ನಾನು ಕುರ್ಚಿ ಬಿಟ್ಟು ಎದ್ದೇಬಿಟ್ಟೆ. "ಗಾಂಜಾನಾ? ಕೂಸಿಗಾ? ನಮ್ಮ ಮನ್ಯಾಗ ಬೀಡಿ ಸೇದಿದವರಿಲ್ಲರೀ ಅಮ್ಮಾ!"

"ಕುಂದ್ರು ತಾತಾ," ಎಂದು ಆಕೆ ನಕ್ಕರು. "ಅಮಲು ಏರಿಸೋ ಅಂಶ ಇದರಾಗ ಇಲ್ಲದಷ್ಟು ಕಡಿಮಿ. ಸಿಬಿಡಿ ಅಂತ ಬ್ಯಾರೆ ಅಂಶ ಇರತೈತಿ, ಅದು ಫಿಟ್ಸಿಗೆ. ಡಾಕ್ಟರ ಚೀಟಿ ಇದ್ದರ ಕಾನೂನು ಪ್ರಕಾರನ ಸಿಗತೈತಿ. ಎಲ್ಲಾ ಮಕ್ಕಳಿಗೂ ನಾಟಂಗಿಲ್ಲ, ನೋಡಬೇಕು. ಹಳೇ ಮಾತ್ರಿ ಬಿಡಬ್ಯಾಡ್ರಿ. ನಡುನಡುವ ಲಿವರ್ ಟೆಸ್ಟ್ ಮಾಡಸ್ರಿ."

ಚೀಟಿ ತೋರಿಸಿ ಎಣ್ಣೆ ಕೊಂಡು ಊರಿಗೆ ಹೊರಟೆವು. ಬಸ್ಸು ಗಡಿಯ ಮಾಧವರಂ ಚೆಕ್‌ಪೋಸ್ಟ್ ಹತ್ತಿರ ಬಂತು. ಪೊಲೀಸರು ಹತ್ತಿದರೆ? ಚೀಟಿಯನ್ನು ಮೊದಲೇ ಕೈಯಲ್ಲಿ ಹಿಡಿದು ಕೂತೆ. ಯಾರೂ ಕೇಳಲಿಲ್ಲ. ಕೇಳದಿದ್ದರೂ ಕಂಡಕ್ಟರನಿಗೆ ತೋರಿಸಿದೆ.

"ಟಿಕೆಟ್ ತೋರ್ಸು ತಾತಾ, ಜಾತಕ ಬ್ಯಾಡ," ಅಂದ.

ಎಣ್ಣೆ ನಾಟಿತು. ದಿನಕ್ಕೆ ಹತ್ತಿದ್ದದ್ದು ವಾರಕ್ಕೆ ಎರಡಕ್ಕೆ ಇಳಿಯಿತು. ಮಗುವಿಗೆ ಮಾತು ಬಂತು. ಅವ್ವ. ತಾತ. ನೀರಿಗೆ ನೀಳು. ಹಾಲಿಗೆ ಪಾಲು ಅನ್ನುವಳು, ಓಣಿಯ ತೆಲುಗು ಮಕ್ಕಳಿಂದ ಕಲಿತದ್ದು. ಆರು ತಿಂಗಳಲ್ಲಿ ಹನ್ನೊಂದು ಮಾತು. ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆದರೆ ನನ್ನೊಳಗೆ ಒಂದು ಅನುಮಾನ ಇತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅದು ಬಿಟ್ಟರೆ ಮೂವತ್ತು ವರ್ಷ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕಾಳು ಹಿಂಡುವ ಎಕ್ಸ್‌ಪೆಲ್ಲರ್ ಮುಂದೆ ನಿಂತವನು. ಶೇಂಗಾ, ಹತ್ತಿಕಾಳು, ಕುಸುಬೆ, ಏನೇ ಹಾಕಿದರೂ ಎಣ್ಣೆ ಬರುವುದು ಬೀಜದಿಂದ. ಎಲೆ ಹಿಂಡಿದರೆ ಬರುವುದು ಹಸಿರು ನೀರು. ಎಲೆಯ ಎಣ್ಣೆ ಅಂದರೆ ಏನೋ ಕಲಬೆರಕೆ, ಬೀಜದ್ದಾದರೆ ಮಗು ಇನ್ನೂ ಚೆನ್ನಾಗಿ ಆಗುತ್ತದೆ ಅನ್ನಿಸುತ್ತಿತ್ತು.

ಸೀಸೆ ಮುಗಿಯುವ ಹೊತ್ತಿಗೆ ಊರಲ್ಲೇ ಒಂದು ಅಂಗಡಿಯಲ್ಲಿ ದೊಡ್ಡ ಸೀಸೆ ಕಂಡೆ. ಅದೇ ಎಲೆಯ ಚಿತ್ರ. ಆ ಗಿಡದ ಬೀಜದ ಎಣ್ಣೆ, ಚೀಟಿ ಬೇಡ, ಅಡುಗೆಗೆ ತಗೋತಾರೆ ಅಂದರು. ಅಡುಗೆಗೆ ಅಂದದ್ದು ನನ್ನ ಕಿವಿಗೆ ಬೀಳಲಿಲ್ಲ. ಎರಡು ಬೆರಳಿನ ನಡುವೆ ತಿಕ್ಕಿ ನೋಡಿದೆ, ಮೂಸಿದೆ. ತಾಜಾ ಮಾಲು. ಕೊಂಡು ತಂದು, ಅಳತೆಗೆ ಅನುಕೂಲ ಎಂದು ಹಳೆಯ ಸಣ್ಣ ಸೀಸೆಗೇ ತುಂಬಿದೆ.

"ಬಣ್ಣ ಬ್ಯಾರೆ ಐತಲ್ಲ ಮಾಮಾ?" ಎಂದಳು ನಾಗವೇಣಿ.

"ಇದು ಬೀಜದ್ದು ತಾಯಿ, ಅದಕ್ಕಿಂತ ಅಸಲಿ ಮಾಲು. ಮೂವತ್ತು ವರ್ಷ ಎಣ್ಣಿಯಾಗ ಕೈ ಅದ್ದಿದವನಿಗೆ ಎಣ್ಣಿ ಗೊತ್ತಿಲ್ಲೇನು?"

ಅವಳು ನಂಬಿದಳು.

ಆರನೆಯ ದಿನ ಬೆಳಗ್ಗೆ ಫಿಟ್ಸ್ ಬಂತು. ಬಂದದ್ದು ನಿಲ್ಲಲಿಲ್ಲ.

ಆದೋನಿಯಲ್ಲಿ ಇಂಜೆಕ್ಷನ್ ಕೊಟ್ಟು ಆಂಬುಲೆನ್ಸ್‌ನಲ್ಲಿ ರಾಯಚೂರಿಗೆ ಕಳಿಸಿದರು. ಮೂರು ದಿನ ಐಸಿಯು. ಗಾಜಿನ ಆಚೆ ಅವಳು, ಈಚೆ ನಾವು. ಡಾಕ್ಟರಮ್ಮ ಸೀಸೆ ತರಿಸಿದರು, ಮುಚ್ಚಳ ತೆಗೆದು ಮೂಸಿದರು.

"ಇದನ್ನ ಯಾರು ತಂದರು?"

ನಾನೇ, ಅಂದೆ. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಆಕೆ ಒಂದು ಕಾಗದದ ಹಿಂದೆ ಗಿಡದ ಚಿತ್ರ ಬರೆದು ಪೆನ್ನಿನಿಂದ ಒಂದೊಂದೇ ತೋರಿಸಿದರು.

"ಇದು ಬೀಜ. ಇದರ ಎಣ್ಣಿ ಊಟಕ್ಕ, ನಿಮ್ಮ ಶೇಂಗಾ ಎಣ್ಣಿ ಇದ್ದಂಗ. ಫಿಟ್ಸ್ ತಡಿಯೋದು ಏನೂ ಇರಂಗಿಲ್ಲ. ಇದು ಎಲಿ. ಇದರ ಸಾರ ತೆಗೆದು ಬ್ಯಾರೆ ಎಣ್ಣಿಯೊಳಗ ಕಲಸತಾರ, ನಿಮ್ಮ ಮಷಿನ್ನಿನಂಗ ಹಿಂಡೂದಲ್ಲ. ಅದರಾಗೂ ಸಿಬಿಡಿ ಹೆಚ್ಚಿರೋದು ಒಂದು, ಅಮಲಿನ ಅಂಶ ಕೂಡಿದ್ದು ಒಂದು. ಆ ಎರಡನೇದು ದೊಡ್ಡವರ ನೋವಿಗೆ ಬರೀತಾರ, ಈಕಿಗೆ ಅದು ಬ್ಯಾಡ. ಕೀಲುನೋವಿಗೆ ಹಚ್ಚೋ ಮುಲಾಮು ಬ್ಯಾರೆ. ಇದು ಹೂವು. ಇದ ಗಾಂಜಾ, ಇದನ್ನ ಇಟ್ಕೊಂಡರ ಜೈಲು. ಎಲ್ಲಾದರ ಮ್ಯಾಲೂ ಒಂದ ಎಲಿ ಚಿತ್ರ ಹಾಕಿರತಾರ. ಚಿತ್ರ ನೋಡಬ್ಯಾಡ ತಾತಾ, ಅಕ್ಷರ ನೋಡು. ಔಷಧ ಒಮ್ಮೆಲೆ ನಿಂತದ್ದಕ್ಕ ಈಕಿಗೆ ಹಿಂಗಾತು."

ಮಗು ಉಳಿಯಿತು. ಮನೆಗೆ ಬಂತು.

ಹನ್ನೊಂದು ಮಾತೂ ಹೋಗಿದ್ದವು.

ನಾನು ಎದುರು ಕೂತು ತಾತ, ತಾತ ಎಂದು ಎದೆ ಮುಟ್ಟಿ ತೋರಿಸುತ್ತಿದ್ದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು, ಅಷ್ಟೆ. ನಾಗವೇಣಿ ರಾಯಚೂರಿನಿಂದ ತಂದ ಹೊಸ ಸೀಸೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ತಾಳಿಯ ಸರಕ್ಕೆ ಕಟ್ಟಿಕೊಂಡಳು. ಹೊತ್ತುಹೊತ್ತಿಗೆ "ಊಟ ಮಾಡ್ರಿ ಮಾಮಾ" ಅನ್ನುವಳು. ಬಡಿಸಿ ಒಳಗೆ ಹೋಗುವಳು. ನಾಲ್ಕು ತಿಂಗಳು ಹೀಗೇ. ಮೊದಲು ದಿನಾ ಎಣ್ಣೆ ಕೊಡುತ್ತಿದ್ದವನು ನಾನು. ಈಗ ಅವಳು ಡ್ರಾಪರ್ ತೆಗೆದರೆ ನಾನು ಎದ್ದು ಕಟ್ಟೆಗೆ ಹೋಗುತ್ತಿದ್ದೆ. ಅಲ್ಲಿ ಕೂತು ಸುಣ್ಣದಕಡ್ಡಿಯಿಂದ ಗೋಡೆಯ ಮೇಲೆ ಮೂರು ಇಂಗ್ಲಿಷ್ ಅಕ್ಷರ ತಿದ್ದುತ್ತಿದ್ದೆ. ಔಷಧದ ಖಾಲಿ ಡಬ್ಬಿ ನೋಡಿಕೊಂಡು ನಾನೇ ಕಲಿತದ್ದು.

ಮೊನ್ನೆ ಸೋಮವಾರ ಬೆಳಗ್ಗೆ ಕಟ್ಟೆಯ ಮೇಲೇ ಇದ್ದೆ. ಒಳಗಿನಿಂದ ನಾಗವೇಣಿ ಚೀರಿದಳು. ಮತ್ತೆ ಬಂತೇ ಎಂದು ಸುಣ್ಣದಕಡ್ಡಿ ಬಿಸಾಕಿ ಒಳಗೆ ಓಡಿದೆ. ಈರಮ್ಮ ಡ್ರಾಪರ್ ನೋಡುತ್ತಾ ಬಾಯಿ ತೆರೆದಿದ್ದಳು.

"ಎಣ್ಣಿ," ಅಂದಳು.

ಇನ್ನೊಂದು ಸಲ ಅಂದಳು. ಎಣ್ಣಿ.

ಹನ್ನೊಂದರಲ್ಲಿ ಈ ಮಾತು ಇರಲಿಲ್ಲ. ಹೊಸದು. ನಾನು ಅಲ್ಲೇ ನೆಲಕ್ಕೆ ಕೂತೆ, ಅಳು ಬಂತೋ ನಗು ಬಂತೋ ಗೊತ್ತಾಗಲಿಲ್ಲ. ನಾಗವೇಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವ್ವ ಅನ್ನಲಿಲ್ಲ, ಅಪ್ಪ ಅನ್ನಲಿಲ್ಲ. ಎಣ್ಣಿ ಅಂತ! ಮಿಲ್ಲಿನ ತಾತನ ಮೊಮ್ಮಗಳ ಇದು, ಬಿಡ್ರಿ!"

ನಾಲ್ಕು ತಿಂಗಳಾದ ಮೇಲೆ ಅವಳು ನನ್ನ ಕಡೆ ನೋಡಿ ನಕ್ಕದ್ದು ಅವತ್ತು.

ವಾರಕ್ಕೊಂದು ಸಲ ಫಿಟ್ಸ್ ಈಗಲೂ ಬರುತ್ತದೆ. ಪೂರ್ತಿ ನಿಲ್ಲುತ್ತದೆ ಎಂದು ಡಾಕ್ಟರಮ್ಮ ಹೇಳಿಲ್ಲ, ನಾನೂ ಕೇಳಿಲ್ಲ. ಹೋದ ಮಾತುಗಳಲ್ಲಿ ಎಷ್ಟು ತಿರುಗಿ ಬರುತ್ತವೋ ಗೊತ್ತಿಲ್ಲ.

ಆ ಸೋಮವಾರ ಸಂಜೆ ಮತ್ತೆ ಎಣ್ಣೆಯ ಹೊತ್ತಾಯಿತು. ನಾನು ಎದ್ದು ಹೊರಟಿದ್ದೆ. ನಾಗವೇಣಿ ಸೀಸೆ ತಂದು ನನ್ನ ಕೈಯಲ್ಲಿಟ್ಟಳು.

"ಮೊದಲ ಓದ್ರಿ ಮಾಮಾ."

ಚಾಳೀಸು ಹಾಕಿಕೊಂಡು, ಬೆರಳಿಟ್ಟು ಓದಿದೆ. ಸಿ. ಬಿ. ಡಿ.

"ಹೂಂ. ಈಗ ಕೊಡ್ರಿ," ಅಂದಳು.