ಹುರುಳಿ ಹಾಸಿದ ರಸ್ತೆ

ಧನುರ್ಮಾಸ ಬಂತೆಂದರೆ ತಾಂಡ್ಯದ ಕಾರ್ಖಾನೆಯಲ್ಲಿ ಒಟ್ಟಿಗೆ ದುಡಿಯುವ ನಾವು ಐದು ಜನ ಒಂದು ಭಾನುವಾರ ಬೆಳಗಾಗುತ್ತಲೇ ಬೈಕ್ ಹತ್ತಿ ನಂಜನಗೂಡು ಬಿಡುತ್ತೇವೆ. ನರಸೀಪುರದಲ್ಲಿ ಇಡ್ಲಿ ತಿಂದು, ಹೆಮ್ಮಿಗೆ ಕಡೆ ಒಂದು ಸುತ್ತು ಹಾಕಿ, ಊಟದ ಹೊತ್ತಿಗೆ ಮನೆ. ಬೇರೆ ಉದ್ದೇಶವೇನೂ ಇಲ್ಲ. ಚಳಿಯಲ್ಲಿ ಹಲ್ಲು ಕಟಕಟ ಎನ್ನಿಸಿಕೊಂಡು ಬರುವುದೇ ಒಂದು ಸುಖ.

ಹೋದ ವರ್ಷ ಆ ಸುಖ ದುಬಾರಿಯಾಯಿತು. ಹೆಮ್ಮಿಗೆ ಹತ್ತಿರದ ತಿರುವಿನಲ್ಲಿ ಯಾರೋ ಒಕ್ಕಣೆಗೆಂದು ಹುರುಳಿ ಗಿಡಗಳನ್ನು ರಸ್ತೆಗೆ ಹಾಸಿದ್ದರು. ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂದು. ನನ್ನ ಬೈಕು ಜಾರಿ ಹೆಗಲ ಮೂಳೆ ಮುರಿಯಿತು. ಮನೆಯಲ್ಲಿ ಕೂತು ಹುರುಳಿ ಹಾಸಿದವರನ್ನು ಬಾಯಿಗೆ ಬಂದಂತೆ ಬೈದೆ. ನಮ್ಮೂರು ದೇವನೂರಿನಲ್ಲಿ ನಾವೂ ಟಾರು ರಸ್ತೆಗೇ ರಾಗಿ ಹಾಸುತ್ತಿದ್ದೆವು, ಬಸ್ಸು ತುಳಿಯದೆ ಪಕ್ಕಕ್ಕೆ ಸರಿದು ಹೋದರೆ ಡ್ರೈವರನ್ನೇ ದಬಾಯಿಸುತ್ತಿದ್ದೆವು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮೂಳೆ ಕೂಡಿತು, ಭಯ ಹೋಗಲಿಲ್ಲ. ಕಾರ್ಖಾನೆಗೂ ಬಸ್ಸಿನಲ್ಲೇ ಹೋಗಿ ಬರುತ್ತಿದ್ದೆ. "ಈ ಸಲ ಪೂರ್ತಿ ನಾನೇ ಓಡಿಸ್ಕೊಂಡು ಬರ್ದಿದ್ರೆ ಗಾಡಿ ನಿನ್ ತಮ್ಮನ್ಗೆ," ಎಂದು ಹೆಂಡತಿಗೆ ಮಾತು ಕೊಟ್ಟು ಹೊರಟೆ. ಇಪ್ಪತ್ತು ವರ್ಷ ಜೊತೆಗಿದ್ದ ಗಾಡಿ. ಹಾಗೆ ಹೇಳುವಾಗಲೇ ಸಂಕಟವಾಯಿತು.

ಮಂಕಿ ಕ್ಯಾಪಿನ ಮೇಲೆ ಹೆಲ್ಮೆಟ್ಟು, ಜಾಕೆಟ್ಟಿನೊಳಗೆ ಎದೆಗೆ ಹಳೇ ಪೇಪರು. ನರಸೀಪುರ ದಾಟುವವರೆಗೂ ಮಂಜಿನಲ್ಲಿ ಮುಂದಿನವರ ಕೆಂಪು ದೀಪ ನೋಡುತ್ತಲೇ ಹೋದೆ. ಆ ತಿರುವೂ ಕಳೆಯಿತು. ಉಸಿರು ಬಿಡುವಷ್ಟರಲ್ಲಿ ಎದುರಿಗೆ ನೇರ ರಸ್ತೆಯ ಅಗಲಕ್ಕೂ ಹುರುಳಿ! ನಾಲ್ವರೂ ಕಾಲು ಇಳಿಬಿಟ್ಟು ದಾಟಿ ಆಚೆ ನಿಂತರು. ನಾನು ಈಚೆಯೇ ನಿಂತೆ.

"ಯಾಕಪ್ಪಾ ನಿಂತ್ಕಂಡೆ? ತುಳ್ಕಂಡು ಓಗು," ಎಂದಳು ಕವೆಗೋಲು ಹಿಡಿದು ಹುರುಳಿ ತಿರುವುತ್ತಿದ್ದ ಮುದುಕಿ.

"ಓದ್ವರ್ಸ ಆ ತಿರುವ್ನಲ್ಲಿ ಬಿದ್ದು ಮೂಳೆ ಮುರ್ಕಂಡಿವ್ನಿ ಕಣವ್ವಾ!" ವರ್ಷದಿಂದ ಕೂಡಿಟ್ಟ ಬೈಗುಳವೆಲ್ಲ ನಾಲಿಗೆಯ ತುದಿಗೆ ಬಂದಿತ್ತು.

"ಅಯ್ಯೋ, ನೀನಾ! ಅವತ್ತು ನಿಂಗೆ ನೀರು ಕುಡಿಸ್ದೋಳು ನಾನೇ ಕಣಪ್ಪಾ. ಅದ್ಕೇ ಈ ವರ್ಸ ತಿರುವ್ನಲ್ಲಿ ಆಕ್ನಿಲ್ಲ, ನೆಟ್ಗಿರೋ ಕಡೆ ಆಕಿವ್ನಿ."

ನೀರು ಕುಡಿಸಿದವಳ ಮುಖವೂ ನನಗೆ ನೆನಪಿರಲಿಲ್ಲ. ನಾಚಿಕೆಯಾಗಿ ಬೈಗುಳ ನುಂಗಿಕೊಂಡೆ. ಅವಳು ಬೈಕನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಕೇಳಿದಳು: "ಎದ್ರಿಕಂಡಿರೋದು ನಿನ್ ಎತ್ತಾ, ನೀನಾ?"

ನಗು ತಡೆಯಲಾಗಲಿಲ್ಲ. "ಎತ್ತು ಎದ್ರಿಲ್ಲ ಕಣವ್ವಾ."

"ಅಂಗಾದ್ರೆ ತುಳುಸು. ಮೆತ್ಗೆ."

ಫಸ್ಟ್ ಗೇರಿನಲ್ಲಿ, ಎರಡೂ ಕಾಲು ನೆಲಕ್ಕೆ ಒರೆಸುತ್ತ ಹೋದೆ. ಚಕ್ರದಡಿ ಹುರುಳಿಕಾಯಿ ಚಟಚಟ ಎಂದವು. ದಾಟಿದ್ದೇ ಗೆಳೆಯರು ಗಾಡಿ ಸ್ಟಾರ್ಟ್ ಮಾಡಿದರು. ನಾನು ವಾಪಸು ತಿರುಗಿಸಿದೆ.

"ಎಲ್ಲಿಗ್ಲಾ?"

"ಒಕ್ಕಣೆ ಮುಗಿಸ್ಕಂಡು ಬತ್ತೀನಿ, ತಡೀರ್ಲಾ."

ಹೋಗಿ ಬಂದು ಐದು ಸಲ ತುಳಿಸಿದೆ. ಐದನೆಯ ಸಲ ಕಾಲು ಕೆಳಗಿಡಲಿಲ್ಲ.

ಮನೆಗೆ ಬಂದಾಗ ಹೆಂಡತಿ ಚಕ್ರಕ್ಕೆ ಸುತ್ತಿಕೊಂಡಿದ್ದ ಹುರುಳಿ ಬಳ್ಳಿಯನ್ನು ನೋಡಿದಳು, ನನ್ನ ಕೈಯಿಂದ ಕೀ ತೆಗೆದುಕೊಂಡು ಎಂದಿನ ಮೊಳೆಗೇ ತಗಲಿಹಾಕಿದಳು.