ಕುಟ್ಟಕ್ಕನ ಬೆರಳು

ಇಪ್ಪತ್ತೊಂದು ವರ್ಷ ಟಿವಿ ಬೋರ್ಡುಗಳಿಗೆ ಬೆಸುಗೆ ಹಾಕಿದ ಹೆಂಗಸು ಅವಳು. ಬೆಸುಗೆ ಆರಿದ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಿವಿಗೊಟ್ಟು ಕೇಳಿಯೇ ಬೋರ್ಡನ್ನು ಮುಂದೆ ತಳ್ಳುತ್ತಿದ್ದಳು. ಸಡಿಲ ಬೆಸುಗೆ ಅವಳ ಕಿವಿಗೆ ಸಿಕ್ಕಿಬೀಳದೆ ಇರುತ್ತಿರಲಿಲ್ಲ. ಹಾಗಾಗಿ ಇಡೀ ಕಾರ್ಖಾನೆಗೆ ಅವಳು ಕುಟ್ಟಕ್ಕ. ಗಂಡನ ತಮ್ಮನಿಗೂ ಈ ವಿದ್ಯೆ ಕಲಿಸಿ ಅಲ್ಲೇ ಕೆಲಸಕ್ಕೆ ಸೇರಿಸಿದ್ದಳು. ಈಗ ಆ ಮಹಾಶಯ ಸೂಪರ್‌ವೈಸರ್! ಅತ್ತಿಗೆಯನ್ನು ಕಂಡರೆ ಮೂಗು ಮುರಿಯುತ್ತಾನೆ.

ಟಿವಿ ಕೊಳ್ಳುವವರು ಕಡಿಮೆಯಾದರೆಂದು ಮಾಲೀಕರು ಸೋಲಾರ್ ಪ್ಯಾನೆಲ್ ಮಾಡಲು ಹೊರಟರು. ಗಾಜಿನ ಮೇಲೆ ಕಾಗದದಷ್ಟು ತೆಳುವಾದ ನೀಲಿ ಸೆಲ್‌ಗಳನ್ನು ಜೋಡಿಸಿ ಬೆಸೆಯುವುದು ಈಗ ಕುಟ್ಟಕ್ಕನ ಕೆಲಸ. ನೋಡಿ ಒಪ್ಪಿಗೆ ಚೀಟಿ ಅಂಟಿಸುವುದು ಮೈದುನನದು. ಮೊದಲ ವಾರವೇ, ಚೀಟಿ ಅಂಟಿಸಿದ ಮೇಲೆ ನಡೆಯುವ ಪರೀಕ್ಷೆಯ ಪರದೆಯಲ್ಲಿ ಸೆಲ್‌ಗಳ ಮೇಲೆ ಕಪ್ಪು ಬಿರುಕುಗಳು ಕಂಡವು.

"ಕುಟ್ಟೋದು ಬಿಡಿ ಅತ್ತಿಗೆ! ಇದು ನಿಮ್ಮ ಹಳೇ ಡಬ್ಬಾ ಟಿವಿ ಅಲ್ಲ," ಎಂದು ಮೈದುನ ಎಲ್ಲರೆದುರು ಕೂಗಾಡಿದ. "ಹೀಗೇ ಬಿರುಕು ಬರ್ತಿದ್ರೆ ಮನೆಗೆ ಹೋಗ್ತೀರ, ಅಷ್ಟೇ!"

ಅವಳ ಮೈಯೆಲ್ಲ ಉರಿದುಹೋಯಿತು. ಆದರೆ ಮಾತು ಸುಳ್ಳಲ್ಲ, ಕೈ ತಾನಾಗಿ ಕುಟ್ಟುತ್ತಿತ್ತು. ಹಾಳು ಕೈ! ಮರುದಿನ ನಡುಬೆರಳು ಮಡಚದಂತೆ ಕಡ್ಡಿಯಿಟ್ಟು, ಕರೆಂಟಿನ ತಂತಿಗೆ ಸುತ್ತುವ ಕಪ್ಪು ಟೇಪು ಸುತ್ತಿಕೊಂಡು ಬಂದಳು.

"ಏನಕ್ಕಾ, ಬೆರಳು ಮುರೀತಾ?" ಎಂದು ಪಕ್ಕದ ಮೇಜಿನವಳು ಕೇಳಿದಳು.

"ಇಲ್ಲ ಕಣೇ, ಅದಕ್ಕೆ ಬುದ್ಧಿ ಕಲಿಸ್ತಿದೀನಿ."

ಒಂದು ವಾರ ಅವಳು ಒಂದು ಸಲವೂ ಕುಟ್ಟಲಿಲ್ಲ. ಬಿರುಕು ಮಾತ್ರ ನಿಲ್ಲಲಿಲ್ಲ. ಮೈದುನ ಮ್ಯಾನೇಜರನ್ನೇ ಕರೆತಂದ.

"ಇವರನ್ನ ಇಟ್ಕೊಂಡ್ರೆ ನಾವು ಉದ್ಧಾರ ಆದ ಹಾಗೇ ಸಾರ್. ನೀವೇ ನೋಡಿ."

ಕುಟ್ಟಕ್ಕ ಕೊನೆಯ ಸೆಲ್ ಬೆಸೆದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಇಷ್ಟು ವರ್ಷದ ಕೆಲಸ ಇವತ್ತಿಗೆ ಮುಗಿಯಿತು ಎಂದುಕೊಂಡಳು. ಮೈದುನ ಬಗ್ಗಿ ಮೂಲೆಮೂಲೆ ನೋಡಿದ. ಚೀಟಿ ಕೈಗೆತ್ತಿಕೊಂಡ. ಅಂಟಿಸುವ ಮುನ್ನ ಬೆರಳ ಗೆಣ್ಣಿನಿಂದ ಸೆಲ್‌ನ ಮೇಲೆ ಎರಡು ಸಲ ಕುಟ್ಟಿ, ಕಿವಿಗೊಟ್ಟ.

"ಏನ್ರೀ ಅದು?" ಎಂದರು ಮ್ಯಾನೇಜರು.

ಮೈದುನ ತನ್ನ ಕೈಯನ್ನೇ ನೋಡಿದ. "ಇದು... ಅತ್ತಿಗೆ ಕಲಿಸಿದ್ದು ಸಾರ್."

"ಹೌದು ಸಾರ್, ಕಲಿಸಿದ್ದು ನಾನೇ. ಬಿಡಿಸೋದಕ್ಕೂ ನಾನೇ ಬೇಕು," ಎಂದು ಕುಟ್ಟಕ್ಕ ಎದ್ದು ಚೀಲದಿಂದ ಟೇಪಿನ ಸುರುಳಿ ತೆಗೆದಳು. "ಕೈ ಕೊಡೋ ಇಲ್ಲಿ!"

ಅವನು ಮ್ಯಾನೇಜರ ಮುಖ ನೋಡಿದ. ಅವರು ಅವಳತ್ತ ಕೈ ತೋರಿಸಿದರು. ಎಲ್ಲರೆದುರು ಅವನು ಕೈ ಚಾಚಿದ. ಅಯ್ಯೋ ಅಂದರೂ ಬಿಡದೆ ಅವಳು ಬಿಗಿಯಾಗಿ ಸುತ್ತಿದಳು.